ಕೂರಲು ಬಾರದ ಯಂತ್ರ

“ಯಂತ್ರದಲ್ಲಿ ಕುಳಿ ಕೊರೆಯುವವನೂ ಬಡಗಿಯೇ, ಆಚಾರ್ಯರೇ?”

ಮಾನಪ್ಪ ಬಂದವನು ಕೂರಲಿಲ್ಲ. ನೇರವಾಗಿ ಗುರುವಿನ ಮುಂದೆ ನಿಂತು ಇದನ್ನೇ ಕೇಳಿದ. ಮುಖ ಕೆಂಡವಾಗಿತ್ತು.

ಕಾಳಾಚಾರ್ಯರು ಉಳಿ ಮಸೆಯುತ್ತಿದ್ದರು. ಊರಿನ ಬಡಗಿಗಳಲ್ಲಿ ಅವರೇ ಹಿರಿಯರು. ಓಣಿಯಲ್ಲಿ ಉಳಿ ಹಿಡಿದವರೆಲ್ಲ ಅವರ ಕೈಯಲ್ಲೇ ಪಳಗಿದವರು. ತಾವು ಮಾಡಿದ ಒಂದು ತೊಟ್ಟಿಲು, ಕೂಸು ಅತ್ತರೆ ತಾನಾಗಿ ತೂಗಿಕೊಳ್ಳುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಅದನ್ನು ನಂಬದವರಿಗೆ ಕೆಲಸ ಕಲಿಸುತ್ತಿರಲಿಲ್ಲ.

“ಯಾರ ಮೇಲೋ ಈ ಸಿಟ್ಟು?” ಎಂದರು.

“ಸೂರಪ್ಪನ ಮೇಲೆ. ನನ್ನ ಜೊತೆಗೇ ನಿಮ್ಮ ಹತ್ತಿರ ಕಲಿತವನು. ಈಗ ಯಂತ್ರ ತಂದಿಟ್ಟಿದ್ದಾನೆ. ಗುಂಡಿ ಒತ್ತುತ್ತಾನೆ, ಅದು ಗುರ್ ಅನ್ನುತ್ತದೆ, ಮರದಲ್ಲಿ ಕುಳಿ ಬಿದ್ದಿರುತ್ತದೆ. ಇನ್ನೊಂದು ಮರದ ತುದಿಯನ್ನು ಒಳಗೆ ತೂರಿಸುತ್ತಾನೆ, ಆ ಕುಳಿಯಲ್ಲಿ ಕೂರುವಂಥ ನಾಲಿಗೆಯಾಗಿ ಹೊರಗೆ ಬರುತ್ತದೆ. ಅಷ್ಟನ್ನು ಕಲಿಯುವುದಕ್ಕೆ ನಾನು ನಿಮ್ಮಿಂದ ಎಷ್ಟು ಬೈಗುಳ ತಿಂದೆ. ಆ ಯಂತ್ರ ಅವನಿಗೆ ಒಂದು ಬೈಗುಳವನ್ನೂ ಬೈದಿಲ್ಲ. ಕೆಲಸವಾದರೂ ಬೇಗ ಮುಗಿಸಿದನೇ? ಬೇಸಿಗೆಯಿಡೀ ಹಲಗೆ ಪೇರಿಸಿಟ್ಟುಕೊಂಡು ಎಲೆ ಅಡಿಕೆ ಜಗಿಯುತ್ತ ಕೂತಿದ್ದ ಸೋಮಾರಿ. ಅವನಿಗೆ ಹೋಯಿತು ನೋಡಿ ಛತ್ರದ ಬಾಗಿಲಿನ ಕೆಲಸ. ಇವತ್ತು ಬೆಳಿಗ್ಗೆ ಕೆಂಪು ಬಣ್ಣ ಬಳಿದು ಮುಗಿಸಿದ್ದಾನಂತೆ. ಬಣ್ಣದ ಒಳಗೆ ಏನಿದೆಯೋ ಯಾರಿಗೆ ಕಾಣಬೇಕು?”

“ಅದಕ್ಕೆ?”

“ನಾಳೆ ಆಯುಧಪೂಜೆ. ಕಾಳಮ್ಮನ ಗುಡಿಯಲ್ಲಿ ಎಲ್ಲರೂ ಹತಾರಗಳನ್ನು ಸಾಲಾಗಿ ಇಡುತ್ತೇವೆ. ಸೂರಪ್ಪನ ಹತಾರಗಳನ್ನು ಸಾಲಿನಿಂದ ಎತ್ತಿ ಆಚೆ ಇಡಬೇಕು ಎಂದು ಓಣಿಯವರೆಲ್ಲ ಮಾತಾಡಿಕೊಂಡಿದ್ದೇವೆ. ನೀವು ಹೂಂ ಅಂದರೆ ಆಯಿತು.”

ಅದು ಸಣ್ಣ ಮಾತಲ್ಲ. ಆ ಸಾಲಿನಲ್ಲಿ ಯಾರ ಹತಾರ ಇಲ್ಲವೋ ಅವನು ಓಣಿಗೆ ಬಡಗಿಯಲ್ಲ. ಅವನ ಜೊತೆ ಯಾರೂ ಮರ ಹೊರುವುದಿಲ್ಲ. ಅವನ ಮನೆಯ ಮದುವೆಗೆ ಚಪ್ಪರದ ಕಂಬ ನೆಡಲು ಯಾರೂ ಹೋಗುವುದಿಲ್ಲ.

ಕಾಳಾಚಾರ್ಯರು ಮಸೆಯುವುದನ್ನು ನಿಲ್ಲಿಸಿದರು. ಮಾನಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

“ನಿನ್ನ ಹೆಗಲ ಮೇಲೆ ಏನದು ಕಲೆ?”

“ದಾರಿಯಲ್ಲಿ ಎಲ್ಲೋ ತಾಗಿರಬೇಕು” ಎಂದು ಮಾನಪ್ಪ ಟವೆಲನ್ನು ಆ ಕಡೆಗೆ ಎಳೆದುಕೊಂಡ.

“ಸರಿ, ಕೂತುಕೋ. ನಿಂತವನಿಗೆ ನಾನು ಕತೆ ಹೇಳುವುದಿಲ್ಲ.”

ಮಾನಪ್ಪ ಕೂತ. ಗುರುಗಳು ಉಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನ ತಾತ ಮಾಡಿದ ಬಾಗಿಲೊಂದು ಹೊಳೆಯ ನೆರೆಗೆ ಸಿಕ್ಕಿ, ಚೌಕಟ್ಟಿನ ಸಮೇತ ತೇಲಿಹೋಗಿ, ಕೆಳಗಿನ ಊರಿನ ದಡದಲ್ಲಿ ನೆಟ್ಟಗೆ ನಿಂತಿತ್ತು. ಆ ಊರಿನವರು ಅದರ ಸುತ್ತ ಮನೆ ಕಟ್ಟಿಕೊಂಡರು. ಅವನ ಅಪ್ಪ ಮಾಡಿದ ಬಾಗಿಲಿನ ಕುಳಿಯೊಳಗೆ ನುಗ್ಗಲು ಹೋದ ಇರುವೆ, ಸಂದು ಸಿಗದೆ ನಾಚಿಕೊಂಡು ಹಿಂದಕ್ಕೆ ಬಂದಿತ್ತು. ಆ ಬಾಗಿಲನ್ನು ತಾವು ಮುಟ್ಟಿ ನೋಡಿದ್ದಾಗಿಯೂ, ಇರುವೆಯನ್ನು ಮಾತ್ರ ನೋಡಿಲ್ಲವೆಂದೂ ಕಾಳಾಚಾರ್ಯರು ನಡುವೆ ಸೇರಿಸಿದರು.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಬಾಗಿಲು ನಿಲ್ಲಿಸಿದ ಮೇಲೆ ಅಗುಳಿ ಹಾಕಿಸಿ, ಬಡಗಿ ಮನೆಯವರ ಎದುರಿಗೇ ಹೆಗಲು ಕೊಟ್ಟು ನೂಕಬೇಕು. ಅಲುಗದಿದ್ದರೆ ಅದು ಬಾಗಿಲು. ಅಲುಗಿದರೆ ಹೊತ್ತುಕೊಂಡು ಹೋಗಬೇಕು. ಆ ಮನೆತನದವರು ಯಾವ ಬಾಗಿಲನ್ನೂ ಹೊತ್ತುಕೊಂಡು ಹೋದದ್ದಿರಲಿಲ್ಲ.

ಒಂದು ದೀಪಾವಳಿಯ ಹೊತ್ತಿಗೆ ಆ ಬಡಗಿ ಪೇಟೆಯಿಂದ ಕುಳಿ ಕೊರೆಯುವ ಯಂತ್ರ ತಂದ. ಅಪ್ಪ ಬೇಸಿಗೆಯೆಲ್ಲ ಕೂತು ಕೊರೆಯುತ್ತಿದ್ದ ಕುಳಿಗಳನ್ನು ಅದು ಊಟದ ಹೊತ್ತಿಗೆ ಮುಗಿಸಿ, ಇನ್ನೇನಿದೆ ಎಂದು ಕೇಳುವಂತೆ ಗುರುಗುಟ್ಟಿತು. ನಾಲಿಗೆ ಕುಳಿಯಲ್ಲಿ ಕೂತರೆ ಕೂದಲು ತೂರುತ್ತಿರಲಿಲ್ಲ. ಬಡಗಿ ಹೆಗಲು ಕೊಟ್ಟ. ಬಾಗಿಲು ಅಲುಗಲಿಲ್ಲ. ಮನೆಯವರು ಎಲೆ ಅಡಿಕೆ ಕೊಟ್ಟು ಕಳುಹಿಸಿದರು. ಚಳಿಗಾಲ ಮುಗಿಯುವಷ್ಟರಲ್ಲಿ ಊರಿನ ಹೊಸ ಬಾಗಿಲೆಲ್ಲ ಅವನವೇ.

ಬಿಸಿಲು ಏರಿತು. ಬಾಗಿಲುಗಳು ಒಂದೊಂದಾಗಿ ಅಲುಗತೊಡಗಿದವು. ಒಂದು ಬಾಗಿಲಂತೂ ಆಗತಾನೇ ಮಾತು ಕಲಿತ ಮಗುವಿನಂತೆ ದಿನವಿಡೀ ಕಟಕಟ ಎಂದದ್ದಕ್ಕೆ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುವುದನ್ನೇ ಬಿಟ್ಟಿತು. ಜನ ಬಾಗಿಲು ಕಿತ್ತು ತಂದು ಬಡಗಿಯ ಅಂಗಳದಲ್ಲಿ ಒಗೆದರು.

“ತಗೋ ಮಾರಾಯ, ನಿನ್ನ ಬಾಗಿಲು. ಒಂದು ಗೋಣಿಚೀಲ ಕಟ್ಟಿಕೊಂಡಿದ್ದರೆ ಸದ್ದಾದರೂ ಇರುತ್ತಿರಲಿಲ್ಲ.”

“ನಾನು ಹೇಳಲಿಲ್ಲವೇ” ಎಂದ ಮಾನಪ್ಪ. “ಯಂತ್ರದ ಗತಿಯೇ ಅಷ್ಟು.”

“ಸುಮ್ಮನಿರೋ. ಕತೆ ಇನ್ನೂ ಹಸಿ ಇದೆ.”

ಆ ಬಡಗಿಯೂ ನಿನ್ನ ಹಾಗೆಯೇ ಅಂದ. ಮನೆತನದಲ್ಲಿ ಇಲ್ಲದ ಅವಮಾನ ಯಂತ್ರದಿಂದ ಬಂತು ಎಂದ. ದೊಡ್ಡ ಸುತ್ತಿಗೆ ತಂದು, ಅಂಗಳದಲ್ಲಿ ನಿಂತವರ ಎದುರಿಗೇ ಯಂತ್ರವನ್ನು ಬಡಿದು ಹಾಕಿದ. ಜನಕ್ಕೂ ಅದು ಸರಿ ಅನ್ನಿಸಿತು. ತಾತನ ಬಾಗಿಲು ತೇಲಿದ್ದು ಎಲ್ಲರಿಗೂ ಗೊತ್ತಿತ್ತು.

ಆದರೆ ಊರ ಹೊರಗೆ, ಬೇರೆ ಕಡೆಯಿಂದ ಬಂದ ಇನ್ನೊಬ್ಬ ಬಡಗಿ ಇದ್ದ. ಅವನ ಹತ್ತಿರವೂ ಅಂಥದೇ ಯಂತ್ರ. ಅವನ ಬಾಗಿಲು ಒಂದೂ ವಾಪಸು ಬಂದಿರಲಿಲ್ಲ. ಇದನ್ನು ನಮ್ಮ ಬಡಗಿ ನಂಬಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಒಬ್ಬ ಮುದುಕಿಯ ಮನೆಗೆ ಆ ಹೊರಗಿನವನು ಮಾಡಿಕೊಟ್ಟಿದ್ದ ಬಾಗಿಲಿಗೆ ಹೆಗಲು ಕೊಟ್ಟು ನೂಕಿದ. ಗೋಡೆ ಅಲುಗಿತೇನೋ, ಬಾಗಿಲು ಅಲುಗಲಿಲ್ಲ.

ಇದರಲ್ಲಿ ಏನೋ ಕಣ್ಕಟ್ಟು ಇದೆ ಎಂದು ಅವನು ನೇರ ಹೊರಗಿನವನ ಅಂಗಳಕ್ಕೆ ಹೋದ. ನೆರಳಿನಲ್ಲಿ ಹಲಗೆಗಳ ರಾಶಿ. ಹಲಗೆಗಳ ನಡುವೆ ಗಾಳಿ ಆಡುವಂತೆ ಪಟ್ಟಿಗಳು. ಬಿರಿಯದಿರಲೆಂದು ತುದಿಗಳಿಗೆ ಸಗಣಿ ಮೆತ್ತಿತ್ತು. ಯಂತ್ರದ ಮೇಲೆ ಗೋಣಿತಾಟು ಹೊದಿಸಿತ್ತು. ಯಂತ್ರದ ಯಜಮಾನ ಕಾಲು ಚಾಚಿ ಕೂತಿದ್ದ.

“ಇಂಥ ಯಂತ್ರ ಇಟ್ಟುಕೊಂಡು ಕೂತಿದ್ದೀಯಲ್ಲ, ನಾಚಿಕೆ ಆಗುವುದಿಲ್ಲವೇ?” ಎಂದ ನಮ್ಮ ಬಡಗಿ.

“ಅದಕ್ಕೆ ಕೊರೆಯಲು ಬರುತ್ತದೆ, ಕೂರಲು ಬರುವುದಿಲ್ಲ. ಕೂರುವ ಕೆಲಸ ನನ್ನದು. ಮರ ಒಣಗಲಿ, ಆಮೇಲೆ ನಾವಿಬ್ಬರೂ ಏಳುತ್ತೇವೆ. ನೀನೂ ಬೇಕಾದರೆ ಕೂರು, ಜಾಗ ಇದೆ.”

ನಮ್ಮ ಬಡಗಿ ಕೂರಲಿಲ್ಲ. ಆದರೆ ಎಲ್ಲ ಅರ್ಥವಾಯಿತು. ಅಪ್ಪ ಉಳಿಯಲ್ಲಿ ಕುಳಿ ಕೊರೆದು ಮುಗಿಸುವಷ್ಟರಲ್ಲಿ ಮರ ಅವನ ಕೈಕೆಳಗೇ ಒಣಗಿರುತ್ತಿತ್ತು. ಕಾಯಬೇಕು ಎಂದು ಅಪ್ಪ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ಯಂತ್ರ ಬಂದಾಗ ಮಗ ಹಸಿ ಮರವನ್ನೇ ಅದರ ಬಾಯಿಗೆ ಕೊಟ್ಟ. ಕುಳಿಯೂ ಸರಿ ಇತ್ತು, ನಾಲಿಗೆಯೂ ಸರಿ ಇತ್ತು. ಬಿಸಿಲು ಬಿದ್ದಾಗ ನಾಲಿಗೆ ಸೊರಗಿತು, ಬಾಗಿಲು ಸಡಿಲವಾಯಿತು.

ಅರ್ಥವಾದದ್ದೇ ಅವನ ಸಿಟ್ಟನ್ನು ಹೆಚ್ಚು ಮಾಡಿತು. ತಪ್ಪು ಯಂತ್ರದ್ದಾದರೆ ಮನೆತನದ ಹೆಸರು ಉಳಿಯುತ್ತದೆ. ತಪ್ಪು ತನ್ನದಾದರೆ ತಾತನ ಬಾಗಿಲು ಮತ್ತೊಮ್ಮೆ ತೇಲಿಹೋಗುತ್ತದೆ. ಅವನು ಊರ ಹಿರಿಯರ ಮುಂದೆ ಹೋಗಿ ಎದೆ ಬಡಿದುಕೊಂಡ. ಯಂತ್ರದ ಬಾಗಿಲು ಬಾಗಿಲಲ್ಲ, ಅದನ್ನು ಮಾಡುವವನಿಗೆ ಊರಲ್ಲಿ ಜಾಗ ಇರಬಾರದು ಎಂದ. ಹಿರಿಯರು ಅವನ ಅಂಗಳದಲ್ಲಿ ಬಿದ್ದಿದ್ದ ಬಾಗಿಲುಗಳನ್ನು ನೋಡಿದ್ದರು. ಹೌದು ಎಂದರು. ಹೊರಗಿನವನ ಬಾಗಿಲಿಗೆ ಅವರಲ್ಲಿ ಯಾರೂ ಹೆಗಲು ಕೊಟ್ಟು ನೋಡಲಿಲ್ಲ. ನೋಡಿದ್ದವನು ಒಬ್ಬನೇ. ಅವನು ಹೇಳಲಿಲ್ಲ.

ಹೊರಗಿನವನು ಯಂತ್ರವನ್ನು ಗಾಡಿಗೆ ಹೇರಿಕೊಂಡು ಹೋದ. ಅವನು ಮಾಡಿದ ಬಾಗಿಲುಗಳು ಊರಲ್ಲೇ ಉಳಿದವು.

ಮೊದಲ ಮಳೆಯ ಗಾಳಿ ಬಂತು. ಅದು ಎಂಥ ಗಾಳಿ ಎಂದರೆ, ಬಾವಿಯ ನೀರು ಮೇಲೆದ್ದು ಪಕ್ಕದ ಬಾವಿಗೆ ಹೋಯಿತು. ನಮ್ಮ ಬಡಗಿ ತನ್ನ ಮನೆಗೂ ಯಂತ್ರದಲ್ಲಿ ಕೊರೆದ ಹೊಸ ಬಾಗಿಲನ್ನೇ ಇಟ್ಟುಕೊಂಡಿದ್ದ. ಗಾಳಿ ಒಂದು ಸಲ ತಟ್ಟಿತು. ಬಾಗಿಲು ಹಲಗೆ ಹಲಗೆಯಾಗಿ ಕಳಚಿ ನಡುಮನೆಗೆ ಬಿತ್ತು. ಮಾಡಿನ ಹೆಂಚು ಹಾರತೊಡಗಿದವು. ಅವನು ಹೊರಗೆ ಓಡಿ, ಹತ್ತಿರ ಸಿಕ್ಕಿದ ಮನೆಗೆ ನುಗ್ಗಿ, ಅಗುಳಿ ಹಾಕಿ, ಬಾಗಿಲಿಗೆ ಹೆಗಲು ಕೊಟ್ಟು ಒತ್ತಿ ಹಿಡಿದ.

ಅದು ಆ ಮುದುಕಿಯ ಮನೆ.

“ಬಿಡಪ್ಪಾ, ಅದರಷ್ಟಕ್ಕೆ ಅದು ನಿಲ್ಲುತ್ತದೆ” ಎಂದಳು ಮುದುಕಿ. “ನೀನು ಬಂದು ಕೂತುಕೋ.”

ಅವನು ಕೂರಲಿಲ್ಲ. ಗಾಳಿ ಇಳಿಯುವವರೆಗೂ ಹೆಗಲು ಕೊಟ್ಟೇ ನಿಂತಿದ್ದ. ಬಾಗಿಲಿಗೆ ಆ ಹೆಗಲು ಬೇಕಾಗಿರಲಿಲ್ಲ.

ಕಾಳಾಚಾರ್ಯರು ಕತೆ ನಿಲ್ಲಿಸಿ ಉಳಿಯ ಬಾಯನ್ನು ಬೆರಳಿನಿಂದ ಸವರಿ ನೋಡಿದರು.

ಮಾನಪ್ಪನಿಗೆ ಮೈ ಉರಿದುಹೋಯಿತು. ಬಂದಾಗ ಇದ್ದ ಸಿಟ್ಟಿನ ಮೇಲೆ ಇನ್ನೊಂದು ಸಿಟ್ಟು ಏರಿತು.

“ಎಂಥ ನೀಚ, ಆಚಾರ್ಯರೇ. ಅವನಿಗೆ ಗೊತ್ತಿತ್ತಲ್ಲ. ಹೆಗಲು ಕೊಟ್ಟು ನೋಡಿದ್ದನಲ್ಲ. ನೋಡಿದ ಮೇಲೂ ಹೋಗಿ ಹಿರಿಯರ ಮುಂದೆ ಹಾಗೆ ಹೇಳುವುದೇ? ಒಬ್ಬ ಕೆಲಸಗಾರನ ಅನ್ನ ಕಿತ್ತು ಹಾಕುವುದೇ? ಎತ್ತಿ ಎಸೆಯುವುದಾದರೆ ಮೊದಲು ಅಂಥವನ ಹತಾರಗಳನ್ನು ಎಸೆಯಬೇಕು.”

ಹೇಳುತ್ತ ಅವನು ಕೈ ಬೀಸಿದ. ಟವೆಲು ಜಾರಿ ನೆಲಕ್ಕೆ ಬಿತ್ತು. ಹೆಗಲ ಮೇಲಿನ ಕೆಂಪು ಬಣ್ಣ ಇನ್ನೂ ಒಣಗಿರಲಿಲ್ಲ.

ಕಾಳಾಚಾರ್ಯರು ಉಳಿಯನ್ನು ಕೆಳಗಿಟ್ಟರು.

“ಛತ್ರದ ಬಾಗಿಲು ಅಲುಗಿತೇನೋ, ಮಾನಪ್ಪಾ?”

ಮಾನಪ್ಪ ಟವೆಲನ್ನು ಎತ್ತಿಕೊಳ್ಳಲಿಲ್ಲ. ಕೆಂಪು ಹತ್ತಿದ ಹೆಗಲನ್ನು ಕೈಯಿಂದ ಮುಚ್ಚಿಕೊಂಡ.