ಬಾವಲಿ ಬಿಡಿಸಿದ ಪದಬಂಧ

ವಾಚನಾಲಯದ ಜಗಲಿಯಲ್ಲಿ ಯಾರೋ ಪತ್ರಿಕೆಯ ಮಕ್ಕಳ ಪುಟವನ್ನು ಗೋಡೆಗೆ ಒರಗಿಸಿ ಹೋಗಿದ್ದರು. ಅದರಲ್ಲಿ ಅಡುಗೆಮನೆಯ ಬಗ್ಗೆ ಒಂದು ಸುಲಭದ ಪದಬಂಧವಿತ್ತು. ಉತ್ತರಗಳನ್ನು ಎಂದಿನಂತೆ ಪುಟದ ಅಡಿಯಲ್ಲಿ ತಲೆಕೆಳಗಾಗಿ ಅಚ್ಚು ಹಾಕಿದ್ದರು. ಅಳಿಲು ಅತ್ತ ನೋಡದೆ ಒಂದೊಂದೇ ಸುಳಿವನ್ನು ಓದಿ ಯೋಚಿಸುತ್ತಿತ್ತು.

"ಒಗ್ಗರಣೆಯಲ್ಲಿ ಸಿಡಿಯುವುದು ಸಾಸಿವೆ," ಎಂದು ಅದು ಹಿಗ್ಗಿತು. "ಅದರ ಮೊದಲ ಅಕ್ಷರದಿಂದಲೇ ಸಾರು ಕೆಳಗಿಳಿಯುತ್ತದೆ. ಹೆಣೆದವರ ಕೈಗುಣ ಚೆನ್ನಾಗಿದೆ."

ತೊಲೆಗೆ ಜೋತುಬಿದ್ದಿದ್ದ ಬಾವಲಿ ನಕ್ಕಿತು. "ಇನ್ನೂ ಅಲ್ಲೇ ಇದ್ದೀಯಾ? ಮುಂದಿನದು ಲಟ್ಟಣಿಗೆ, ಆಮೇಲೆ ಒರಳು, ಕೊನೆಯದು ಹಪ್ಪಳ. ನಾನು ಒಮ್ಮೆ ಕಣ್ಣು ಹಾಯಿಸಿದರೆ ಮುಗಿಯಿತು. ಇಂಥ ಮಕ್ಕಳಾಟಕ್ಕೆ ಹಿಗ್ಗುವವರ ಬುದ್ಧಿ ಎಷ್ಟೆಂದು ಬೇರೆ ಹೇಳಬೇಕೆ?"

ಅಳಿಲಿಗೆ ನಾಚಿಕೆಯಾಯಿತು. ಇನ್ನು ಪದಬಂಧದ ಸಹವಾಸವೇ ಬೇಡವೆಂದು ಎದ್ದಿತು. ಹೋಗುವ ಮುಂಚೆ ಬಾವಲಿ ಪಂಡಿತರಿಗೆ ಒಂದು ಉಪಕಾರ ಮಾಡೋಣವೆನಿಸಿತು.

"ಸ್ವಾಮಿ, ಪುಟದ ಹಿಂಬದಿಯಲ್ಲಿ ಹಣ್ಣುಗಳ ಪದಬಂಧವಿದೆ. ನೇತಾಡುತ್ತ ಓದುವ ತಮಗೆ ಸುಳಿವುಗಳು ನೇರವಾಗಿ ಕಾಣಲೆಂದು ಹಾಳೆಯನ್ನು ಹಿಂದುಮುಂದಾಗಿ ತಿರುಗಿಸಿ, ಬುಡಮೇಲು ಮಾಡಿ ಇಡುತ್ತೇನೆ," ಎಂದು ಹಾಗೆಯೇ ಇಟ್ಟಿತು.

ಬಾವಲಿ ಹುಟ್ಟಿದ ಮೇಲೆ ಮೊದಲ ಸಲ ಸುಳಿವುಗಳನ್ನು ಓದಿತು. "ಕಾಳುಮೆಣಸಿನಂಥ ಕರಿಬೀಜಗಳಿರುವ ಹಣ್ಣು, ಮೂರಕ್ಷರ." ಓದಿತು, ಮತ್ತೆ ಓದಿತು, ರೆಕ್ಕೆ ಕೆರೆದುಕೊಂಡಿತು. ರಾತ್ರಿ ತಿಂದ ಪಪ್ಪಾಯಿಯ ಬೀಜವೊಂದು ಅದರ ಮೂತಿಗೆ ಇನ್ನೂ ಅಂಟಿಕೊಂಡಿತ್ತು.

"ತಪ್ಪು ನನ್ನದಲ್ಲ," ಎಂದಿತು ಕೊನೆಗೆ. "ಈ ಪತ್ರಿಕೆಯವರಿಗೆ ತಲೆಯಿಲ್ಲ. ಉತ್ತರಗಳನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದಾರೆ."