ಕನ್ನಡಿ ಕೋಣೆಯ ನೂರು ವರಹ

ಹತ್ತಿರ ಸರಿದು ಕೂತುಕೊಳ್ಳಿ ಮಕ್ಕಳೇ. ಹಿಂದೆ ಕೂತವರಿಗೆ ಅರ್ಧ ಕಥೆಯೇ ಸಿಗೋದು.

ಹೊನ್ನಗೇರಿ ಅನ್ನೋ ರಾಜ್ಯದಲ್ಲಿ ಬಾಳಕ್ಕ ಅಂತ ಒಬ್ಬ ಹುಡುಗಿ ಇದ್ದಳು. ಅವಳ ಬೆರಳಿಗೆ ಜಡೆಯ ಹುಚ್ಚು. ಅವ್ವನ ತಲೆ ಸಿಕ್ಕರೆ ಅವ್ವನಿಗೆ ಜಡೆ. ಹುಲ್ಲು ಸಿಕ್ಕರೆ ಹುಲ್ಲಿಗೆ ಜಡೆ. ಏನೂ ಸಿಗದಿದ್ದರೆ ಎಮ್ಮೆಯ ಬಾಲಕ್ಕೇ ಜಡೆ! ಆ ಎಮ್ಮೆಯ ಹೆಸರು ಕಾಡಿಗೆ. ಅಷ್ಟು ಕಪ್ಪು. ಅದರ ಹಾಲಿನಿಂದಲೇ ತಾಯಿ ಮಗಳ ಒಲೆ ಉರಿಯುತ್ತಿತ್ತು. ಅದಕ್ಕೆ ಮಾತೂ ಬರುತ್ತಿತ್ತು. ಆಗಿನ ಕಾಲದ ಎಮ್ಮೆಗಳೇ ಹಾಗೆ.

ಒಂದು ದಿನ ಊರಲ್ಲಿ ಡಂಗುರ ಬಿತ್ತು. "ಕೇಳ್ರಪ್ಪೋ ಕೇಳಿ! ಬಿನ್ನಾಣಯ್ಯನವರ ಸಿಂಗಾರ ಶಾಲೆ! ಮದುಮಗಳ ಸಿಂಗಾರ ಕಲೀರಿ! ಶುಲ್ಕ ಇಪ್ಪತ್ತೇ ವರಹ! ದಿನಕ್ಕೊಂದು ಮದುವೆ, ಮದುವೆಗೊಂದು ವರಹ, ವರ್ಷಕ್ಕೆ ಮುನ್ನೂರ ಅರವತ್ತು!"

ಬಾಳಕ್ಕನ ಎದೆ ಡಂಗುರಕ್ಕಿಂತ ಜೋರಾಗಿ ಬಡಿಯಿತು. ಅವ್ವನ ಕೈ ಹಿಡಿದು ಓಡಿದಳು.

ಬಿನ್ನಾಣಯ್ಯನ ಮೈಯೆಲ್ಲ ಗಂಧ, ಮಾತೆಲ್ಲ ಬೆಲ್ಲ. ಮೊಣಕಾಲಿನ ತನಕ ಇಳಿದ ಜುಟ್ಟನ್ನು ನೀವಿಕೊಳ್ಳುತ್ತಾ, "ಬನ್ನಿ ತಾಯೀ, ನನ್ನ ಹತ್ತಿರ ಕಲಿತವರನ್ನ ಕಣ್ಣಾರೆ ನೋಡಿ" ಎಂದು ಒಂದು ಕೋಣೆಯ ಬಾಗಿಲ ಕಿಂಡಿ ತೋರಿಸಿದ.

ಕಿಂಡಿಯಲ್ಲಿ ಇಣುಕಿದರೆ, ಅಬ್ಬಬ್ಬಾ! ಒಳಗೆ ನೂರು ಜನ ಹೆಂಗಸರು! ನೂರು ಕೊರಳಲ್ಲಿ ಕಾಸಿನ ಸರ! ನೂರು ಸೊಂಟಕ್ಕೆ ಡಾಬು! ಬಾಳಕ್ಕ ನೋಡುತ್ತಿದ್ದ ಹಾಗೆ ನೂರೂ ಜನ ಒಟ್ಟಿಗೆ ಮೂಗು ಕೆರೆದುಕೊಂಡರು.

'ಆಹಾ, ಎಂಥ ಒಗ್ಗಟ್ಟು!' ಅಂದುಕೊಂಡಳು ಬಾಳಕ್ಕ.

"ನಾಡಿದ್ದು ಶುಲ್ಕ ಕಟ್ಟೋ ದಿನ. ಹೊಸ ಮಕ್ಕಳನ್ನ ಹರಸೋಕೆ ಮಹಾರಾಜರೇ ಬರ್ತಾರೆ. ತಡ ಮಾಡಬೇಡಿ" ಅಂದ ಬಿನ್ನಾಣಯ್ಯ.

ಮನೆಗೆ ಬಂದವಳೇ ಅವ್ವ ಎಮ್ಮೆಯ ಹಗ್ಗ ಬಿಚ್ಚಿದಳು. "ಸಂತೇಲಿ ಇದಕ್ಕೆ ಸರಿಯಾಗಿ ಇಪ್ಪತ್ತು ವರಹ ಬರುತ್ತೆ ಮಗಾ."

ಕಾಡಿಗೆ ನಾಲ್ಕೂ ಕಾಲು ಊರಿ ನಿಂತಿತು. "ಮಾರು ತಾಯೀ, ಬೇಡ ಅನ್ನಲ್ಲ. ಆದರೆ ನನ್ನನ್ನ ಕೊಳ್ಳೋನು ಹಲ್ಲು ನೋಡ್ತಾನೆ, ಕೆಚ್ಚಲು ನೋಡ್ತಾನೆ, ಸುಳಿ ನೋಡ್ತಾನೆ. ನೀವು ಆ ಶಾಲೇಲಿ ಏನು ನೋಡಿದಿರಿ? ಬರೀ ಕಿಂಡಿ! ಬಾಳೂ, ಹೋಗು. ಕಲಿತವರ ಒಲೆ ನೋಡಿ ಬಾ."

ಆ ಶಾಲೆಯಲ್ಲಿ ಕಲಿತ ಮೂವರ ಮನೆ ಹುಡುಕಿಕೊಂಡು ಬಾಳಕ್ಕ ಹೊರಟಳು.

ಮೊದಲನೆಯವಳ ಒಲೆಯಲ್ಲಿ ಬೂದಿ ಇತ್ತು. "ಶಾಲೆಗೆ ಮುಂಚೆ ಹೂ ಕಟ್ಟಿ ಮಾರ್ತಿದ್ದೆ. ಈಗಲೂ ಹೂ ಕಟ್ಟಿ ಮಾರ್ತೀನಿ. ನಡುವೆ ನನ್ನ ಕಿವಿಯೋಲೆ ಮಾತ್ರ ಹೋಯ್ತು ಕಣೇ" ಅಂದಳು.

ಎರಡನೆಯವಳ ಒಲೆಯ ಮೇಲೆ ಬೆಕ್ಕು ಮಲಗಿತ್ತು. "ಅಲ್ಲಿ ಮರದ ಬೊಂಬೆಗೆ ಮೊಗ್ಗಿನ ಜಡೆ ಹಾಕೋದು ಕಲಿಸಿದರು. ಬೊಂಬೆ ಕತ್ತು ತಿರುಗಿಸಲ್ಲ. ಮದುಮಗಳು ಸುಮ್ನಿರ್ತಾಳಾ? ಗಂಡು ಬಂದ ಅಂತ ತಿರುಗಿದಳು, ಮೊಗ್ಗೆಲ್ಲ ಪಾಯಸದೊಳಗೆ! ಆಮೇಲೆ ಯಾರೂ ಕರೀಲಿಲ್ಲ" ಅಂದಳು.

ಮೂರನೆಯವಳ ಒಲೆ ಉರಿಯುತ್ತಿತ್ತು. ಬಾಳಕ್ಕನಿಗೆ ಖುಷಿಯೋ ಖುಷಿ! "ಅಕ್ಕಾ, ದಿನಕ್ಕೊಂದು ಮದುವೆ ಸಿಗುತ್ತಾ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಷಾಢದಲ್ಲಿ ಯಾರು ಮದುವೆ ಮಾಡ್ತಾರೆ, ಹುಚ್ಚೀ? ಪುಷ್ಯದಲ್ಲಿ? ಪಿತೃಪಕ್ಷದಲ್ಲಿ? ನನಗೆ ವರ್ಷಕ್ಕೆ ಹನ್ನೆರಡು ಮದುವೆ ಸಿಕ್ಕರೆ ದೊಡ್ಡದು. ಅದರಲ್ಲಿ ಅರ್ಧ ಮೊಗ್ಗಿಗೆ, ಗೊಂಡೆಗೆ, ಗಾಡಿಗೆ ಹೋಗುತ್ತೆ. ಕಟ್ಟಿದ ಶುಲ್ಕ ವಾಪಸ್ ಬರೋಕೇ ಮೂರು ವರ್ಷದ ಮೇಲಾಯ್ತು. ಕೆಲಸ ಚೆಂದ, ಬಿಡಲಾರೆ. ಆದರೆ ಲೆಕ್ಕ ಗೊತ್ತಿದ್ದು ಬಾ ತಂಗೀ."

ಬಾಳಕ್ಕ ಬೆರಳು ಮಡಿಸುತ್ತಾ ಹಿಂತಿರುಗಿದಳು. ಮುನ್ನೂರ ಅರವತ್ತು ಅಂದದ್ದು ಹನ್ನೆರಡಾಯ್ತು. ಹನ್ನೆರಡು ಆರಾಯ್ತು. ಹಾಗಾದರೆ ಡಾಬು ಹಾಕಿದ ಆ ನೂರು ಜನ ಯಾರು?

ಕೆರೆಯಲ್ಲಿ ಅವ್ವನ ಜೊತೆ ಬಂದಿದ್ದ ಕಾಡಿಗೆ ನೀರು ಕುಡಿಯುತ್ತಿತ್ತು. ಅದು ಕಿವಿ ಅಲ್ಲಾಡಿಸಿತು. ನೀರೊಳಗಿನ ಎಮ್ಮೆಯೂ ಕಿವಿ ಅಲ್ಲಾಡಿಸಿತು.

"ಅಯ್ಯೋ, ಮೂಗು!" ಎಂದು ಬಾಳಕ್ಕ ಎಗರಿ ಕುಣಿದಳು. "ಅವ್ವಾ, ಎಮ್ಮೆ ಮಾರಬೇಡ! ನಿನ್ನ ಸೆರಗಿನ ಗಂಟಲ್ಲಿರೋ ಒಂದು ವರಹ ಕೊಡು, ಸಾಕು!"

ಶುಲ್ಕದ ದಿನ ಬಂತು. ರಾಜರು ಬಂದರು, ಊರೇ ಬಂತು. ಬಾಳಕ್ಕ ಕೈಮುಗಿದು, "ಮಹಾಸ್ವಾಮಿ, ನನ್ನ ಶುಲ್ಕವನ್ನ ಒಳಗಿರೋ ಅಕ್ಕಂದಿರ ಪಾದದ ಹತ್ತಿರ ಇಟ್ಟು ಬರ್ತೀನಿ" ಅಂದಳು.

"ಭಲೇ, ಒಳ್ಳೆ ಸಂಸ್ಕಾರ!" ಅಂದರು ರಾಜರು. ಬಿನ್ನಾಣಯ್ಯ ಬೇಡ ಅನ್ನಲು ಬಾಯಿ ತೆರೆದ, ಮುಚ್ಚಿಕೊಂಡ.

ಬಾಳಕ್ಕ ಒಳಗೆ ಹೋಗಿ ವರಹ ಇಟ್ಟು ಬಂದು ಬಾಗಿಲು ಎಳೆದುಕೊಂಡಳು. "ಮಹಾಸ್ವಾಮಿ, ಕಿಂಡಿಯಿಂದ ಎಣಿಸೋಣವಾಗಲಿ."

ರಾಜರು ಇಣುಕಿದರು. "ಅಬ್ಬಾ! ಒಂದು, ಎರಡು, ಹತ್ತು... ನೂರು ವರಹ ಇದೆಯಲ್ಲಮ್ಮಾ!"

"ಹೌದು ಸ್ವಾಮಿ. ಶುಲ್ಕ ಇಪ್ಪತ್ತು. ಬಿನ್ನಾಣಯ್ಯನೋರೇ, ಚಿಲ್ಲರೆ ಎಂಬತ್ತು ವಾಪಸ್ ಕೊಡಿ."

"ಎಂಬತ್ತಾ? ನಿನ್ನ ಮನೆ ಕಾಯವಾಗ!" ಬಿನ್ನಾಣಯ್ಯನ ಬಾಯಲ್ಲಿದ್ದ ಬೆಲ್ಲ ಕರಗಿಹೋಯಿತು. "ಇರೋದು ಒಂದೇ ವರಹ! ಮಿಕ್ಕಿದ್ದೆಲ್ಲ ಕನ್ನಡಿ! ನಾಲ್ಕೂ ಗೋಡೆಗೆ ಕನ್ನಡಿ ಹಾಕಿಸಿದೋನು ನಾನೇ, ನನಗೆ ಗೊತ್ತಿಲ್ವಾ?"

ಊರಿನವರೆಲ್ಲ ಬಾಗಿಲ ಕಡೆ ಕತ್ತು ಚಾಚಿದರು.

"ಹಾಗಾದರೆ ಒಳಗಿರೋ ಅಕ್ಕಂದಿರು ಎಷ್ಟು ಜನ ಸ್ವಾಮಿ?" ಕೇಳಿದಳು ಬಾಳಕ್ಕ.

ಒಳಗಿನಿಂದ ಒಬ್ಬಳೇ ಹೆಂಗಸು ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಅವಳು ಬಿನ್ನಾಣಯ್ಯನ ನಾದಿನಿ, ಡಾಬು ಬಾಡಿಗೆಯದು!

ರಾಜರು ಮೀಸೆಯಡಿಯಲ್ಲೇ ನಕ್ಕು ತೀರ್ಪು ಕೊಟ್ಟರು. "ಶಾಲೆ ಮುಚ್ಚೋದು ಬೇಡ, ವಿದ್ಯೆಗೆ ಏನೂ ದೋಷವಿಲ್ಲ. ಇನ್ನು ಮೇಲೆ ಕಲಿತವರು ದುಡಿದ ಮೇಲೆ, ದುಡಿದದ್ದರಲ್ಲಿ ಒಂದು ಪಾಲು ಶುಲ್ಕ. ಪಾಠಕ್ಕೆ ಮರದ ಬೊಂಬೆ ಬೇಡ. ಜೀವಂತ ತಲೆ ಬೇಕು. ಬಿನ್ನಾಣಯ್ಯಾ, ಜುಟ್ಟು ಬಿಚ್ಚು!"

ಅವತ್ತೇ ಬಾಳಕ್ಕನ ಮೊದಲ ಪಾಠ. ಮೊಣಕಾಲುದ್ದದ ಆ ಜುಟ್ಟಿಗೆ ಎಂಥ ಮೊಗ್ಗಿನ ಜಡೆ ಹಾಕಿದಳು ಅಂತೀರಿ! ಬಿನ್ನಾಣಯ್ಯ ಕತ್ತು ಆಚೆ ತಿರುಗಿಸಿದ, ಈಚೆ ತಿರುಗಿಸಿದ, ನಾಚಿಕೆಯಿಂದ ತಲೆ ತಗ್ಗಿಸಿದ. ಒಂದು ಮೊಗ್ಗೂ ಉದುರಲಿಲ್ಲ! ಮುಂದೆ ಆ ಸೀಮೆಯಲ್ಲಿ ಅವಳ ಕೈಯ ಜಡೆ ಇಲ್ಲದೆ ಮದುಮಗಳು ಹಸೆಗೆ ಏರುತ್ತಿರಲಿಲ್ಲ. ಮದುವೆ ಇದ್ದ ತಿಂಗಳು ಜಡೆ ಅನ್ನ ಹಾಕಿತು. ಆಷಾಢದಲ್ಲಿ ಕಾಡಿಗೆ ಹಾಲು ಕೊಟ್ಟಿತು.

ಅದಕ್ಕೇ ಮಕ್ಕಳೇ, ಯಾವ ವಿದ್ಯೆಯನ್ನಾದರೂ ಆಸೆಪಟ್ಟು ಕಲಿಯಿರಿ. ಆದರೆ ದುಡ್ಡು ಕಟ್ಟುವ ಮುಂಚೆ ಕಲಿಸುವವನ ಕಿಂಡಿ ನೋಡಬೇಡಿ, ಕಲಿತವರ ಒಲೆ ನೋಡಿ.