ಪುಕ್ಕಟೆ ತಿನ್ನೋರು

ಹುಬ್ಬಳ್ಳಿಯ ಆ ಕಾರ್ಖಾನೆಯಲ್ಲಿ ಪಂಪು, ಫ್ಯಾನು, ಬೀಗ ಎಲ್ಲ ತಯಾರಾಗುತ್ತಿದ್ದವು. ಹೊಸ ಮ್ಯಾನೇಜರ್ ಗುಡುಗಿದ: “ಉತ್ಪಾದನೆ ಏರಬೇಕು, ಕರೆಂಟಿನ ಖರ್ಚು ಇಳಿಯಬೇಕು. ಪುಕ್ಕಟೆ ತಿನ್ನುವ ಹತ್ತು ಮಂದಿಯನ್ನು ಮನೆಗೆ ಕಳಿಸುತ್ತೇನೆ!”

ರಜೆಯ ದಿನವೂ ಕಸ ಗುಡಿಸುವ ದ್ಯಾಮವ್ವ ಕೈಮುಗಿದಳು. “ಅಂಥೋರನ್ನ ನಾ ತೋರಸ್ತೇನ್ರಿ ಸಾಹೇಬ್ರ. ರವಿವಾರ ಬರ್ರಿ.”

ರವಿವಾರ ಯಂತ್ರಗಳೆಲ್ಲ ಸುಮ್ಮನಿದ್ದವು. ಅವುಗಳಿಗೆ ಗಾಳಿ ಒದಗಿಸುವ ಕಂಪ್ರೆಸರ್ ಮಾತ್ರ ಏದುಸಿರು ಬಿಡುತ್ತಿತ್ತು. ಅದನ್ನು ಆರಿಸುವ ರೂಢಿಯೇ ಅಲ್ಲಿರಲಿಲ್ಲ.

“ಇವತ್ತು ಈ ಗಾಳಿ ಯಾರಿಗೆ?” ಮ್ಯಾನೇಜರ್ ಕೇಳಿದ.

“ಸುಮ್ನ ನಿಂತು ಕೇಳ್ರಿ.”

ಕಂಪ್ರೆಸರಿನಿಂದ ಯಂತ್ರಗಳಿಗೆ ಹೋಗುವ ಪೈಪುಗಳ ತೂತುಗಳಿಂದ ಗಾಳಿ ಸುಂಯ್ ಎಂದು ಸೋರುತ್ತಿತ್ತು.

“ಇವರ ನೋಡ್ರಿ. ಕೆಲಸಾನೂ ಇಲ್ಲ, ರಜೆನೂ ಇಲ್ಲ. ವರ್ಷಗಟ್ಟಲೆ ಕರೆಂಟು ತಿಂತಾರ.”

ಮ್ಯಾನೇಜರ್ ಮೆಲ್ಲಗೆ ಒಂದು ತೂತಿಗೆ ಹೆಬ್ಬೆರಳು ಒತ್ತಿದ. ಅಲ್ಲಿ ಸದ್ದು ನಿಂತಿತು.

“ಹಂಗ ಹಿಡಕೊಂಡ ನಿಂದರ್ರಿ ಸಾಹೇಬ್ರ,” ಎಂದಳು ದ್ಯಾಮವ್ವ. “ಫಿಟ್ಟರ್ ಸೋಮವಾರ ಬರ್ತಾನ.”